ನುಂಗಪ್ಪನ ಕಾಲೊನಿ

ಬೆಳಗಲ್ಲಹಾಳದ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಹುಟ್ಟಿದ ಕೂಸುಗಳು ಅಳುವುದೇ ಇಲ್ಲ ಎಂಬ ಮಾತು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹಬ್ಬಿತ್ತು. ಅಳುತ್ತಿದ್ದವು, ಪಾಪ. ಎಲ್ಲ ಕೂಸುಗಳಂತೆ ಬಾಯಿ ತೆರೆದು, ಮುಖ ಕೆಂಪಗೆ ಮಾಡಿಕೊಂಡು, ಕಾಲು ಝಾಡಿಸಿ ಅಳುತ್ತಿದ್ದವು. ಸದ್ದು ಮಾತ್ರ ಬರುತ್ತಿರಲಿಲ್ಲ. ಅದನ್ನು ನುಂಗಪ್ಪ ನುಂಗುತ್ತಿದ್ದ.

ನುಂಗಪ್ಪ ದೇವರೂ ಅಲ್ಲ, ದೆವ್ವವೂ ಅಲ್ಲ. ಕಾರ್ಖಾನೆಯ ಕಾಗದಪತ್ರಗಳಲ್ಲಿ ಅದರ ಹೆಸರು ಶಾಂತಿ ಜಾಲ. ಪ್ರತಿ ಮನೆಯ ಪ್ರತಿ ಕೋಣೆಯ ಸೂರಿನಲ್ಲಿ, ಬೀದಿಯ ಪ್ರತಿ ಕಂಬದಲ್ಲಿ ಅಂಗೈಯಗಲದ ಬಿಳಿ ಬಿಲ್ಲೆಗಳು. ಪ್ರತಿ ಬಿಲ್ಲೆಗೂ ಒಂದು ಕಿವಿ, ಒಂದು ಬಾಯಿ. ಯಾವ ಸದ್ದು ಒಂದೇ ಸಮನೆ ಮತ್ತೆ ಮತ್ತೆ ಬರುತ್ತದೋ ಅದನ್ನು ಕಿವಿ ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದು ಬರುವ ಹೊತ್ತಿಗೆ ಸರಿಯಾಗಿ ಬಾಯಿ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಬಿಡುತ್ತದೆ. ಸದ್ದಿನ ಅಲೆ ಏರಿದಲ್ಲಿ ಇದು ಇಳಿಯುತ್ತದೆ, ಅದು ಇಳಿದಲ್ಲಿ ಇದು ಏರುತ್ತದೆ, ಎರಡೂ ಸೇರಿ ಸಪಾಟಾಗುತ್ತದೆ. ಒಮ್ಮೆ ಗುರುತಾದ ಸದ್ದನ್ನು ಜಾಲ ಮರೆಯುವುದೂ ಇಲ್ಲ. ಇನ್ನೊಂದು ದಿನ ಅದು ತಲೆಯೆತ್ತಿದರೆ ಮೊದಲ ಏಟಿಗೇ ನುಂಗಿಬಿಡುತ್ತದೆ. ದೊಡ್ಡವರ ಮಾತು ಹಾಗೆ ಒಂದೇ ಸಮನೆ ಬರುವಂಥದಲ್ಲವಾದ್ದರಿಂದ ಅದಕ್ಕೇನೂ ತೊಂದರೆಯಾಗಲಿಲ್ಲ.

ಜಾಲ ಬರುವ ಮೊದಲು ಅಲ್ಲಿ ಬದುಕಿದವರಿಗೇ ಗೊತ್ತು ಅದರ ಬೆಲೆ. ಕಾಲೊನಿಯ ಬೆನ್ನಿಗೇ ಸುಣ್ಣದ ಕಲ್ಲು ಒಡೆಯುವ ಯಂತ್ರ. ಹಗಲೆನ್ನದೆ ಇರುಳೆನ್ನದೆ ಧಡ್ ಧಡ್ ಎಂದು ಹೊಡೆದುಕೊಳ್ಳುತ್ತಿತ್ತು. ಜನ ಒಬ್ಬರಿಗೊಬ್ಬರು ಚೀರಿ ಮಾತಾಡಿ, ಚೀರಿಯೇ ಜಗಳಾಡಿ, ಕಾರ್ಖಾನೆಯಲ್ಲಿ ಮೂರು ಪಾಳಿ ದುಡಿದು ಬಂದು ತಲೆಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದರು. ಜಾಲ ಹಾಕಿದ ದಿನ ಮುದುಕರು ಓಣಿಗೆ ಬಂದು ನಿಂತು ಗುಬ್ಬಿಯ ದನಿ ಕೇಳಿ ಕಣ್ಣೀರು ಹಾಕಿದ್ದರಂತೆ. ಆಮೇಲೆ ಗುಬ್ಬಿಯ ಚಿಲಿಪಿಲಿಯನ್ನೂ ಅದು ಗುರುತು ಹಿಡಿದು ನುಂಗಿತು. ಅಷ್ಟರಲ್ಲಿ ಯಾರಿಗೂ ಗುಬ್ಬಿಯ ನೆನಪಿರಲಿಲ್ಲ.

ನೀಲಾಂಬಿಕಾ ಆ ಜಾಲದ ನಿಯಂತ್ರಣ ಕೊಠಡಿಯಲ್ಲಿ ಇಂಜಿನಿಯರ್. ಗಂಡ ಚನ್ನವೀರ ಕಲ್ಲೊಡೆಯುವ ಯಂತ್ರದ ಪಾಳಿ ಮೇಲ್ವಿಚಾರಕ. ಗಂಡ ಸದ್ದು ಮಾಡುವವನು, ಹೆಂಡತಿ ಅದನ್ನು ಅಳಿಸುವವಳು, ಒಳ್ಳೆ ಜೋಡಿ ಎಂದು ಕಾಲೊನಿಯವರು ಚೇಷ್ಟೆ ಮಾಡುತ್ತಿದ್ದರು. ಜಾಲ ತಾನಾಗಿ ಹಿಡಿಯದ ಸದ್ದನ್ನು ನೀಲಾ ಅದಕ್ಕೆ ಕಲಿಸಿಕೊಡುತ್ತಿದ್ದಳು, ಕಾಲೊನಿಯವರ ಬೇಡಿಕೆಗಳಿಗೆ ಕೊನೆಯಿರಲಿಲ್ಲ. ಹಿಟ್ಟಿನ ಗಿರಣಿಯ ಸದ್ದು ಬೇಡ ಎಂದರು, ಹೋಯಿತು. ನೀರಿನ ಪಂಪು, ಪಕ್ಕದ ಮನೆಯ ಕುಕ್ಕರಿನ ಸೀಟಿ, ತೊಟ್ಟಿಲ ಸರಪಳಿಯ ಕಿರ್ ಕಿರ್ ಎಲ್ಲ ಒಂದೊಂದಾಗಿ ಹೋದವು. ಕೂಸುಗಳ ಅಳು ಒಂದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮಾಳಪ್ಪ ಸತ್ತ ಮೇಲೆ ಅದನ್ನೂ ಕೇಳಿದರು.

ಮಾಳಪ್ಪ ಚನ್ನವೀರನ ಜೊತೆಗಾರ. ಅವನ ಪಕ್ಕದ ಮನೆಯಲ್ಲಿ ಅವಳಿ ಕೂಸುಗಳು. ಒಂದು ಸುಮ್ಮನಾದರೆ ಇನ್ನೊಂದು ಶುರು. ವಾರವಿಡೀ ಹಗಲು ನಿದ್ದೆ ಕಾಣದವನು ಪಾಳಿಯಲ್ಲಿ ನಿಂತಲ್ಲೇ ತೂಕಡಿಸಿ ಕಲ್ಲು ಸಾಗಿಸುವ ಪಟ್ಟಿಯ ಮೇಲೆ ಬಿದ್ದ. ಹೊರಗೆ ತೆಗೆದವನು ಚನ್ನವೀರ. ಆ ದಿನ ಮನೆಗೆ ಬಂದು ಗೋಡೆಗೆ ಒರಗಿ ಕೂತು, "ನೀಲಾ, ನಿನ್ನ ಕೈಯಾಗ ಐತಿ. ಮಾಡಬಾರದೇನು?" ಎಂದ. ನೀಲಾ ಆಗ ಬಸುರಿ. ವಾರದೊಳಗೆ ಜಾಲಕ್ಕೆ ಕೂಸಿನ ಅಳುವನ್ನು ಕಲಿಸಿದಳು. ಅಳು ಗೋಡೆ ದಾಟದಂತೆ ಮಾಡಿದ್ದರೆ ಸಾಕಿತ್ತು. ಆದರೆ ಸದ್ದನ್ನು ಹುಟ್ಟಿದ ಜಾಗದಲ್ಲೇ ಹಿಡಿದರೆ ಕೆಲಸ ಅಚ್ಚುಕಟ್ಟಾಗುತ್ತದೆ ಎಂದು ಅವಳ ವಿದ್ಯೆ ಹೇಳಿತು. ತೊಟ್ಟಿಲ ನೆತ್ತಿಯ ಬಿಲ್ಲೆಗೇ ಆ ಕೆಲಸ ಒಪ್ಪಿಸಿದಳು. ತಾಯಂದಿರಿಗೆ ಮುಂಗೈಗೆ ಕಟ್ಟಿಕೊಳ್ಳಲು ಒಂದೊಂದು ಪಟ್ಟಿ ಕೊಟ್ಟರು. ಕೂಸು ಅತ್ತರೆ ಪಟ್ಟಿಯ ದೀಪ ಕೆಂಪಾಗುತ್ತಿತ್ತು. ತಾಯಂದಿರು ಹೋಗಿ ಎತ್ತಿಕೊಳ್ಳುತ್ತಿದ್ದರು. ಎಲ್ಲರೂ ನೀಲಾಳನ್ನು ಹರಸಿದರು.

ಐದು ತಿಂಗಳ ಮೇಲೆ ಅವಳಿಗೆ ಗಂಡು ಮಗು ಹುಟ್ಟಿತು. ಶಿವಯೋಗಿ ಎಂದು ಹೆಸರಿಟ್ಟು ಯೋಗಿ ಎಂದು ಕರೆದರು.

"ಹೆಸರಿಗೆ ತಕ್ಕಂಗ ಯೋಗಿನೇ ಹುಟ್ಯಾನ ಬಿಡ್ರಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಕೂಸು ಕಣ್ಣು ಬಿಟ್ಟುಕೊಂಡು ತೊಟ್ಟಿಲ ಬಟ್ಟೆ ನೋಡುತ್ತ ಗಂಟೆಗಟ್ಟಲೆ ಮಲಗಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಬೋರಲು ಬಿತ್ತು. ಕೂತದ್ದು ತುಸು ತಡವಾಯಿತು, ಆದರೂ ಕೂತಿತು. ಅತ್ತೆ ಗುರುಬಸವ್ವ ಆ ದಿನ ಕಡಬು ಮಾಡಿ ಓಣಿಗೆಲ್ಲ ಹಂಚಿದಳು.

ಹತ್ತು ತಿಂಗಳು ತುಂಬುವ ಹೊತ್ತಿಗೆ ನೀಲಾಳಿಗೆ ಕಳವಳ ಶುರುವಾಯಿತು. ಯೋಗಿ ಒಂದು ಅಕ್ಷರ ತೊದಲಿರಲಿಲ್ಲ. ಚಪ್ಪಾಳೆ ತಟ್ಟಿ ತೋರಿಸಿದರೆ ತಟ್ಟುತ್ತಿರಲಿಲ್ಲ. ಗಿಲಕಿ ಕೊಟ್ಟರೆ ಅಲ್ಲಾಡಿಸದೆ ಬಾಯಿಗಿಟ್ಟು ಚೀಪಿ ಎಸೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಚುಚ್ಚಿದ್ದು ಒಂದು: ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡುತ್ತಿರಲಿಲ್ಲ.

"ಅತ್ತಿ, ಎಷ್ಟು ಸಲ ಕರದ್ರೂ ತಿರುಗಿ ನೋಡವಲ್ಲ."

"ಅವರಪ್ಪನೂ ಹಂಗೇ ಇದ್ದ" ಎಂದಳು ಗುರುಬಸವ್ವ, ಮೊಮ್ಮಗನ ಕಾಲಿಗೆ ಎಣ್ಣೆ ತಿಕ್ಕುತ್ತ. "ಈಗರ ಕರದ್ರ ತಿರುಗಿ ನೋಡ್ತಾನೇನು? ಗಂಡುಹುಡುಗರ ಮಾತು ತಡ ಆಗಿ ಬರತಾವು. ಸುಮ್ನ ಕೂಸಿಗೆ ಹೆಸರಿಡಬ್ಯಾಡ."

"ಪಕ್ಕದ ಓಣಿ ಸಂಗಮೇಶನೂ ಮಾತಾಡವಲ್ಲಂತ. ಅವಗ ಒಂದೂವರಿ ವರ್ಷ ಆತು."

"ಅವರವ್ವ ಮೂಕಿ ಇದ್ದಂಗ ಇದಾಳ, ಕೂಸು ಯಾರನ್ನ ನೋಡಿ ಕಲೀಬೇಕು?" ಗುರುಬಸವ್ವ ನಗುತ್ತ ಯೋಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡತೊಡಗಿದಳು.

ಚನ್ನವೀರನಿಗೂ ಒಳಗೊಳಗೇ ಹೆದರಿಕೆ ಇತ್ತು. ಗಂಡಸು, ತೋರಿಸಲಿಲ್ಲ. "ಡಾಕ್ಟರಿಗೆ ತೋರಿಸಿ ಬಾ. ಏನಿಲ್ಲ ಅಂತ ಹೇಳಿಸಿಕೊಂಡು ಬಾ" ಎಂದ. ಆ ಮಾತಿನ ನಡುವಿನ ಬೇಡಿಕೆ ನೀಲಾಳಿಗೆ ಅರ್ಥವಾಯಿತು.

ಜಿಲ್ಲಾ ಊರಿನಲ್ಲಿ ಕೂಸುಗಳ ಕಿವಿ, ಮಾತು ನೋಡುವ ಡಾಕ್ಟರ್ ಫರೀದಾ ಮುಲ್ಲಾ. ಬಸ್ಸು ಕಾಲೊನಿಯ ಗೇಟು ದಾಟಿದ್ದೇ ಯೋಗಿ ಸೆಟೆದುಕೊಂಡ. ಇಂಜಿನ್ನಿನ ಗುರುಗುರು, ಕಿಟಕಿಯ ಗಾಜಿನ ಟರಟರ, ಕಂಡಕ್ಟರನ ಸೀಟಿ. ಊರು ಮುಟ್ಟುವವರೆಗೂ ಅವನು ಅತ್ತ, ಗಂಟಲು ಹರಿಯುವಂತೆ ಅತ್ತ. ನೀಲಾಳಿಗೆ ತನ್ನ ಮಗನ ಅಳುವಿನ ದನಿ ಸರಿಯಾಗಿ ಕೇಳಿದ್ದು ಅದೇ ಮೊದಲು. ಹೆರಿಗೆಯೂ ಕಾಲೊನಿಯ ದವಾಖಾನೆಯಲ್ಲೇ ಆಗಿತ್ತು. ತನ್ನ ಕೂಸಿನ ದನಿ ಇಷ್ಟು ದಪ್ಪವೇ ಎಂದು ಅವಳಿಗೆ ಆಶ್ಚರ್ಯವಾಗಿ, ಆ ಆಶ್ಚರ್ಯಕ್ಕೆ ನಾಚಿಕೆಯಾಯಿತು.

ಡಾಕ್ಟರ್ ಸದ್ದಿಲ್ಲದ ಕೋಣೆಯಲ್ಲಿ ಅವನನ್ನು ಕೂರಿಸಿ ಎಡಗಡೆ ಒಂದು ಸದ್ದು, ಬಲಗಡೆ ಒಂದು ಸದ್ದು ಮಾಡಿದರು. ಯೋಗಿ ಪ್ರತಿ ಸಲ ಸರಿಯಾಗಿ ತಿರುಗಿದ. ನೀಲಾಳ ಜೀವ ತಣ್ಣಗಾಯಿತು. ಆಮೇಲೆ ಡಾಕ್ಟರ್ ಒಂದು ಪುಟ್ಟ ಡೋಲು ತೆಗೆದು ಟಕ್ ಟಕ್ ಟಕ್ ಎಂದು ಬಡಿದರು. ಮೂರನೆಯ ಏಟಿಗೆ ಯೋಗಿಯ ಮುಖ ಬಿಳಿಚಿತು. ಕಿವಿ ಮುಚ್ಚಿಕೊಳ್ಳಲು ತಿಳಿಯದೆ ಕಣ್ಣು ಮುಚ್ಚಿಕೊಂಡ.

"ಕಿವಿಗೆ ಏನೂ ಆಗಿಲ್ಲ. ನನಗಿಂತ ಚಲೋ ಅದಾವು" ಎಂದರು ಡಾಕ್ಟರ್. "ಮನಿಯೊಳಗ ಕೂಸಿನ ಜೋಡಿ ಮಾತಾಡ್ತೀರೋ ಇಲ್ಲೋ?"

ನೀಲಾಳಿಗೆ ಸಿಟ್ಟು ಬಂತು. "ಇದೇನ್ರಿ ಹಿಂಗ ಕೇಳ್ತೀರಿ? ಇಡೀ ದಿನ ಮಾತಾಡಸ್ತೀವಿ. ಅತ್ತಿ ಹಾಡ್ತಾರ. ನಾನು ಬಾಯಿ ನೋಯೂತನಕ ಕರೀತೀನಿ."

"ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾತು ಬರೋದು ಹ್ಯಾಂಗಂದ್ರ, ಕೂಸು ಬಬಬ ಅಂತದ, ತಾಯಿ ನಕ್ಕು ತಿರುಗಿ ಬಬಬ ಅಂತಾಳ. ಒಂದೇ ಸದ್ದು ಮತ್ತ ಮತ್ತ ಕಿವಿಗೆ ಬಿದ್ದು ಬಿದ್ದು ಮಿದುಳಿನಾಗ ಹಾದಿ ಬೀಳ್ತದ. ಇವಗ ಆ ಹಾದಿನೇ ಬಿದ್ದಿಲ್ಲ ಅನಸ್ತದ. ಬಳಕಿ ಇಲ್ಲದ ಹಾದೀನ ವರ್ಷ ತುಂಬೋದ್ರಾಗ ಮಿದುಳು ಮುಚ್ಚಾಕ ಶುರು ಮಾಡ್ತದ. ಮುಚ್ಚಿದ ಮ್ಯಾಲ ತೆರೆಯೋದು..." ಡಾಕ್ಟರ್ ಡೋಲನ್ನು ಎತ್ತಿ ಪಕ್ಕಕ್ಕಿಟ್ಟರು. "ಲಗೂ ಬಂದೀರಿ ಅಂತ ಅನ್ಕೊಳ್ಳೋಣ."

ತಿರುಗಿ ಬರುವಾಗ ಬಸ್ಸಿನಲ್ಲಿ ಯೋಗಿ ಮತ್ತೆ ಅತ್ತ. ಸಮಾಧಾನ ಮಾಡಲು ನೀಲಾ ಜೋಗುಳ ಹಾಡಿದಳು. ಹಾಡಿದಷ್ಟೂ ಅತ್ತ. ಪಲ್ಲವಿ ಬಂದಾಗಲೆಲ್ಲ ಅವಳ ಸೆರಗನ್ನು ಹಿಡಿದು ತಳ್ಳುತ್ತಿದ್ದ. ಬಸ್ಸು ಗೇಟಿನ ಕಮಾನಿನ ಕೆಳಗೆ ನುಸುಳಿತು. ಅವಳು ಇನ್ನೂ ಹಾಡುತ್ತಲೇ ಇದ್ದಳು. ಯೋಗಿ ಥಟ್ಟನೆ ಸುಮ್ಮನಾದ. ಮೈ ಸಡಿಲವಾಯಿತು, ತಲೆ ಅವಳ ಹೆಗಲಿಗೆ ಬಿತ್ತು.

ನೀಲಾ ನಿಲ್ದಾಣದಲ್ಲಿ ಇಳಿದು ಮನೆಯ ಕಡೆ ಹೋಗಲಿಲ್ಲ. ಕೂಸನ್ನೆತ್ತಿಕೊಂಡು ಗೇಟಿನ ಹೊರಗೆ ಬಂದು ಅದೇ ಪಲ್ಲವಿಯನ್ನು ಹಾಡಿದಳು. ಯೋಗಿ ಸೆಟೆದ. ಹಾಡುತ್ತಲೇ ಒಳಗೆ ಬಂದಳು, ಸಡಿಲವಾದ. ಹೊರಗೆ ಹೋಗಿ ಹೆಸರು ಹಿಡಿದು ಕರೆದಳು: ಯೋಗೀ, ಯೋಗೀ, ಯೋಗೀ. ಬೆಚ್ಚಿಬಿದ್ದು ಅವಳ ಮುಖ ನೋಡಿದ. ಒಳಗೆ ಬಂದು ಹಾಗೇ ಕರೆದಳು. ಅವನು ಅವಳ ಕೊರಳ ಸರದ ಜೊತೆ ಆಡುತ್ತಿದ್ದ.

"ಏನಾತ್ರಿ ಮೇಡಂ, ಏನರ ಕಳಕೊಂಡೀರೇನು?" ಎಂದು ಕಾವಲುಗಾರ ಕೇಳಿದ.

ಅವಳು ತಲೆಯೆತ್ತಿ ಗೇಟಿನ ಕಂಬದ ಮೇಲಿನ ಬಿಲ್ಲೆಯನ್ನು ನೋಡಿದಳು. ಹಾಡುವವರಿಗೆ ತಮ್ಮ ದನಿ ತಮ್ಮ ತಲೆಯ ಎಲುಬಿನ ಒಳಗಿಂದ ಕೇಳುತ್ತದೆ, ಅದನ್ನು ಯಾವ ಬಿಲ್ಲೆಯೂ ನುಂಗಲಾರದು. ಅತ್ತೆ ಹಾಡುವಾಗ ಪಲ್ಲವಿಯ ಜಾಗದಲ್ಲಿ ತುಟಿ ಮಾತ್ರ ಆಡುತ್ತಿದ್ದುದನ್ನು ನೀಲಾ ಎಷ್ಟು ಸಲ ನೋಡಿದ್ದಳೋ. ನೀಲಾಳ ತಲೆಯಲ್ಲಿ ಪಲ್ಲವಿ ಮೊದಲೇ ಇತ್ತು, ಹಾಗಾಗಿ ಕೇಳಿಸದಿದ್ದರೂ ಕೇಳಿದಂತೆಯೇ ಆಗುತ್ತಿತ್ತು. ಕೂಸಿನ ತಲೆಯಲ್ಲಿ ಏನಿತ್ತು? ಅವನ ಹೆಸರು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಬಳೆಯ ಸದ್ದು, ಗಿಲಕಿಯ ಸದ್ದು, ಚಪ್ಪಾಳೆ, ಅಜ್ಜಿಯ ಲಲ್ಲೆ, ಕೂಸುಗಳಿಗೆಂದು ಮನುಷ್ಯರು ಮಾಡುವ ಸದ್ದೆಲ್ಲ ಮತ್ತೆ ಮತ್ತೆ ಬರುವಂಥದೇ ಅಲ್ಲವೇ? ಬಾಗಿಲು ಬಡಿದದ್ದು, ಪಾತ್ರೆ ಬಿದ್ದದ್ದು, ದೊಡ್ಡವರು ಅವನ ತಲೆಯ ಮೇಲಿಂದ ಆಡಿದ ಮಾತು, ಇಷ್ಟೇ ಅವನಿಗೆ ದಕ್ಕಿತ್ತು. ಆ ಕಮಾನಿನ ಕೆಳಗೆ ನಿಂತು ನೀಲಾ ಕೂಸಿನ ನೆತ್ತಿಗೆ ಮುಖ ಒತ್ತಿ ಅತ್ತಳು. ಅವಳ ಬಿಕ್ಕು ಒಂದೇ ಸಮನೆ ಬರುತ್ತಿತ್ತು. ಎರಡು ಬಿಕ್ಕಿನ ಮೇಲೆ ಕಾವಲುಗಾರನಿಗೆ ಅದೂ ಕೇಳಿಸಲಿಲ್ಲ.

ನಿಯಂತ್ರಣ ಕೊಠಡಿಯ ಮುಖ್ಯಸ್ಥ ಹಣಮಂತ ದೇಸಾಯಿ ಕೆಟ್ಟ ಮನುಷ್ಯನಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕೇಳಿದ ಮೇಲೆ ಒಂದು ಪ್ರಶ್ನೆ ಕೇಳಿದರು, ಅದನ್ನು ಕೇಳದಿದ್ದರೇ ಚೆನ್ನಾಗಿತ್ತು.

"ಹಂಗಾದ್ರ ಕೂಸುಗಳು ಮೊದಲಿನಿಂದ್ಲೇ ತೊದಲಲಿಲ್ಲೋ, ಇಲ್ಲಾ ತೊದಲಿ ಬಿಟ್ಟೂವೋ?"

ಯೋಗಿಗೆ ಐದು ತಿಂಗಳಾಗಿದ್ದಾಗ ಮುಂಗೈಯ ಪಟ್ಟಿಯಲ್ಲಿ ಮಂದವಾದ ಗುಲಾಬಿ ದೀಪ ಮಿಣುಕಲು ಶುರುವಾಗಿತ್ತು. ಓಡಿ ಹೋಗಿ ನೋಡಿದರೆ ಕೂಸು ಅಳುತ್ತಿರುತ್ತಿರಲಿಲ್ಲ. ಕಾಲಾಡಿಸಿಕೊಂಡು, ತುಟಿ ಅಲ್ಲಾಡಿಸಿಕೊಂಡು ಸೂರು ನೋಡುತ್ತಿರುತ್ತಿತ್ತು. ಬೇರೆ ತಾಯಂದಿರಿಂದಲೂ ಅದೇ ದೂರು: ದೀಪ ಸುಮ್ಮಸುಮ್ಮನೆ ಮಿಣುಕುತ್ತದೆ, ಕೆಲಸ ಬಿಟ್ಟು ಓಡಿ ಹೋದರೆ ಏನೂ ಇರುವುದಿಲ್ಲ. ನೀಲಾ ಇದೇ ಕುರ್ಚಿಯಲ್ಲಿ ಕೂತು ಆ ದೋಷವನ್ನು ಸರಿಪಡಿಸಿದ್ದಳು. ಅಳುವಿನಷ್ಟು ಜೋರಿಲ್ಲದ ಸದ್ದಿಗೆ ದೀಪ ಹೊತ್ತಬಾರದು ಎಂದು ಜಾಲಕ್ಕೆ ಹೇಳಿದ್ದಳು. ಮಿಣುಕು ನಿಂತಿತ್ತು. ಕೂಸುಗಳ ತುಟಿಯೂ ಕೆಲವು ವಾರಗಳಲ್ಲಿ ನಿಂತಿತ್ತು.

ಯೋಗಿ ಅವಳನ್ನು ಕರೆದಿದ್ದ. ದಿನವೂ ಕರೆದಿದ್ದ. ಒಳಗೊಳಗೇ ತನ್ನ ದನಿ ಮಂದವಾಗಿ ಕೇಳಿಸಿಕೊಂಡು, ಯಾರಿಂದಲೂ ತಿರುಗಿ ಏನೂ ಬಾರದೆ, ಇದು ಉಪಯೋಗಕ್ಕೆ ಬಾರದ ಕೆಲಸ ಎಂದು ಬಿಟ್ಟುಬಿಟ್ಟಿದ್ದ.

"ತೊದಲಿದ್ದೂವು ಸರ್" ಎಂದಳು. "ನಾನೇ ಬಂದ್ ಮಾಡ್ದೆ."

ದೇಸಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅಳು ಮತ್ತು ತೊದಲನ್ನು ಮಾತ್ರ ಬಿಟ್ಟು ಉಳಿದದ್ದನ್ನು ನುಂಗುವಂತೆ ಮಾಡಲು ಇಬ್ಬರೂ ಎರಡು ವಾರ ತಲೆ ಒಡೆದುಕೊಂಡರು. ಆಗಲಿಲ್ಲ. ಜಾಲ ತಾನು ಕಲಿತದ್ದನ್ನೆಲ್ಲ ಒಂದಕ್ಕೊಂದು ಹೆಣೆದುಕೊಂಡು ಕೂತಿತ್ತು. ಗಿಲಕಿಯ ಗುರುತನ್ನು ತೆಗೆದರೆ ಗಿರಣಿ ಸಡಿಲವಾಗುತ್ತಿತ್ತು, ಜೋಗುಳವನ್ನು ಬಿಟ್ಟರೆ ಕಲ್ಲೊಡೆಯುವ ಏಟು ಅರ್ಧ ಹೊರಬರುತ್ತಿತ್ತು. ಇಟ್ಟರೆ ಪೂರ್ತಿ ಇಡಬೇಕು, ತೆಗೆದರೆ ಪೂರ್ತಿ ತೆಗೆಯಬೇಕು. ಕೊನೆಗೆ ನೀಲಾಳ ಮನೆಯಿರುವ ಓಣಿಯಲ್ಲಿ ಒಂದು ಹಗಲು ಜಾಲ ನಿಲ್ಲಿಸಿ ನೋಡೋಣ ಎಂದು ದೇಸಾಯಿಯವರು ಒಪ್ಪಿದರು.

ಬೆಳಿಗ್ಗೆ ಜಾಲ ನಿಂತಿತು. ಧಡ್ ಧಡ್ ಧಡ್. ನಾಲ್ಕು ವರ್ಷ ಎಲ್ಲಿ ಅಡಗಿ ಕೂತಿತ್ತೋ ಆ ಸದ್ದು, ಬಾಗಿಲು ಕಿಟಕಿ ಒಡೆದುಕೊಂಡು ಒಳಗೆ ಬಂತು. ಗುರುಬಸವ್ವ ಕಿವಿಗೆ ಸೆರಗು ತುರುಕಿಕೊಂಡು ದೇವರ ಕೋಣೆ ಸೇರಿದಳು. ಓಣಿಯ ಕೂಸುಗಳೆಲ್ಲ ಒಟ್ಟಿಗೆ ಚೀರತೊಡಗಿದವು. ಯೋಗಿ ಅತ್ತು ಅತ್ತು ವಾಂತಿ ಮಾಡಿಕೊಂಡ. ಪಕ್ಕದ ಓಣಿಯ ಸಂಗಮೇಶನ ಮನೆ ಇತ್ತ ಕಡೆಗೇ ತಾಗಿದ್ದರಿಂದ ಸದ್ದು ಅಲ್ಲಿಗೂ ನುಗ್ಗಿತ್ತು; ಅವನ ತಾಯಿ ಅವನನ್ನು ಕಂಬಳಿಯಲ್ಲಿ ಸುತ್ತಿ ಹಿಡಿದು ಬಂದು, "ನೀಲಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಚಾಲೂ ಮಾಡಸು. ನನ್ನ ಕೂಸು ಸಾಯ್ತೈತಿ" ಎಂದು ಕೂಗಿದಳು. ಪಾಳಿ ಮುಗಿಸಿ ಬಂದು ಮಲಗಿದ್ದವರು ಕೆಂಪು ಕಣ್ಣು ಬಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದರು. ಅವರ ನಡುವೆ ಚನ್ನವೀರನೂ ಇದ್ದ.

ಮಧ್ಯಾಹ್ನ ಅಲ್ಲೇ ಬೇವಿನ ಗಿಡದ ಕೆಳಗೆ ಜನ ಸೇರಿದರು. ನೀಲಾ ಎಲ್ಲವನ್ನೂ ಹೇಳಿದಳು, ದೀಪದ ವಿಷಯವನ್ನೂ ಮುಚ್ಚಿಡಲಿಲ್ಲ.

"ಅಕ್ಕಾರ, ನೀವು ಹೇಳೂದು ಖರೇ ಇರಬಹುದು" ಎಂದ ಒಬ್ಬ. "ಆದ್ರ ನಿದ್ದಿ ಇಲ್ಲದ ನಾವು ಆ ಕಲ್ಲಿನ ಪಟ್ಟಿ ಮುಂದ ಹ್ಯಾಂಗ ನಿಂದರೋಣು? ಮಾಳಪ್ಪಂದು ಮರತೀರೇನು?"

"ಕಾಲೊನಿನ ದೂರ ಕಟ್ಟಲಿ" ಎಂದಳು ನೀಲಾ.

"ಕಟ್ಟತಾರ. ನಮ್ಮ ಮೊಮ್ಮಕ್ಕಳ ಕಾಲಕ್ಕ ಕಟ್ಟತಾರ."

ಯಾರೋ ನಕ್ಕರು. ನೀಲಾ ಗಂಡನ ಕಡೆ ನೋಡಿದಳು. ಅವನು ಏನಾದರೂ ಹೇಳುತ್ತಾನೆಂದು ಅವಳಿಗೆ ನಂಬಿಕೆಯಿತ್ತು. ಚನ್ನವೀರ ನೆಲ ನೋಡುತ್ತ, "ಈಗ ಚಾಲೂ ಮಾಡ್ರಿ. ಕೂಸುಗಳರ ಸುಮ್ಮನಾಗಲಿ" ಎಂದ. ಅವನ ಮಾತಿಗೆ ಎಲ್ಲರೂ ತಲೆಯಾಡಿಸಿದರು. ತಾಯಂದಿರೇ ಮೊದಲು ತಲೆಯಾಡಿಸಿದರು. ಜಾಲ ಮತ್ತೆ ಶುರುವಾಯಿತು, ಓಣಿಯ ಕೂಸುಗಳೆಲ್ಲ ಒಂದೇ ಗಳಿಗೆಯಲ್ಲಿ ಸುಮ್ಮನಾದವು. ತಾಯಂದಿರು ಕಣ್ಣೊರೆಸಿಕೊಂಡು ಅವುಗಳಿಗೆ ಮುತ್ತಿಟ್ಟರು.

ಆ ವಾರವೇ ನೀಲಾ ಕೆಲಸ ಬಿಟ್ಟು ಯೋಗಿಯನ್ನು ಕರೆದುಕೊಂಡು ಜಿಲ್ಲಾ ಊರಿಗೆ ಹೋದಳು. ಡಾಕ್ಟರ್ ಫರೀದಾರ ದವಾಖಾನೆಯ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೆ ಒಂದು ಕೋಣೆ. ಕೆಳಗೆ ದರ್ಜಿಯ ಅಂಗಡಿ, ಎದುರಿಗೆ ಬೆಸುಗೆಯವನು, ತುಸು ಆಚೆ ಶಾಲೆ. ಊರೆಂದರೆ ಸದ್ದು. ಒಮ್ಮೆ ಬಂದ ಸದ್ದು ಮತ್ತೆ ಬರುವುದೆಂದರೆ ಯೋಗಿಗೆ ಯಾರೋ ಬೆನ್ನಟ್ಟಿ ಬಂದಂತೆ. ಹೊಲಿಗೆ ಯಂತ್ರ ಶುರುವಾದರೆ ಮೂಲೆಗೆ ಸರಿಯುತ್ತಿದ್ದ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ ಉಸಿರು ಬಿಗಿಹಿಡಿಯುತ್ತಿದ್ದ. ಹಾಡಿದರೆ, ಕರೆದರೆ, ಬೆನ್ನು ತಟ್ಟಿದರೆ ಅಳುತ್ತಿದ್ದ. ಮಗನನ್ನು ಸಂತೈಸಲು ತಾಯಿಗೆ ಗೊತ್ತಿದ್ದುದೆಲ್ಲ ಅವನಿಗೆ ಹಿಂಸೆಯಾಗಿತ್ತು. ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು ಎಂದು ನೀಲಾಳಿಗೆ ಅನ್ನಿಸುತ್ತಿತ್ತು.

"ಸದ್ದಿನಿಂದ ಮುಚ್ಚಿಡಬ್ಯಾಡ್ರಿ" ಎಂದರು ಡಾಕ್ಟರ್. "ದಿನಾ ಎದುರಾ ಬದುರಾ ಕೂತು ಬಬಬ ಅನ್ರಿ, ಮಮಮ ಅನ್ರಿ. ಅಂದು ಕಾಯ್ರಿ. ಮಾತು ಬರಲಿ, ಬಿಡಲಿ. ತನ್ನ ಮನಸಿನಾಗ ಇದ್ದದ್ದನ್ನ ನಿಮಗ ತಿಳಿಸಬೇಕು ಅಂತ ಒಂದು ಸಲರ ಏನರ ಮಾಡಲಿ. ಬೆರಳು ಮಾಡಿ ತೋರಿಸಲಿ, ಕೈ ಚಾಚಲಿ, ಜಗ್ಗಲಿ. ಅದು ಬಂತಂದ್ರ ಹಾದಿ ಇನ್ನೂ ಪೂರ್ತಿ ಮುಚ್ಚಿಲ್ಲ ಅಂತ ತಿಳ್ಕೋತೀನಿ."

"ಬರಲಿಲ್ಲ ಅಂದ್ರ?"

"ನೀವು ಬಬಬ ಅನ್ನೋದು ಬಿಡಬ್ಯಾಡ್ರಿ" ಎಂದರು ಡಾಕ್ಟರ್, ಅವಳ ಕಣ್ಣು ತಪ್ಪಿಸಿ.

ಯೋಗಿಗೆ ವರ್ಷ ತುಂಬಿತು. ಓಣಿಯ ಅವನ ವಾರಿಗೆಯ ಕೂಸುಗಳು ಅಜ್ಜಿ, ನಾಯಿ, ಹಾಲು ಎಂದು ಬೆರಳು ಮಾಡುತ್ತಿದ್ದವು. ಇವನು ಬಾಯಾರಿದರೂ ನೀರಿನ ಕೊಡದ ಕಡೆ ನೋಡುತ್ತಿರಲಿಲ್ಲ, ಕೊಟ್ಟಾಗ ಕುಡಿಯುತ್ತಿದ್ದ. ಕೇಳಿದರೆ ಯಾರಾದರೂ ಬಂದಾರು ಎಂಬ ನಂಬಿಕೆಯೇ ಅವನಲ್ಲಿ ಇರಲಿಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಎದ್ದು ನಿಂತು ಹೆಜ್ಜೆಯಿಟ್ಟ. ನೀಲಾ ಆಗ ಅವನೆದುರು ಕೂತು ಮಮಮ ಎನ್ನುತ್ತಿದ್ದಳು. ಅವನು ಗೋಡೆ ಹಿಡಿದು ಎದ್ದು, ಅವಳಿಗೆ ಬೆನ್ನು ಮಾಡಿ, ಕೋಣೆಯ ಆ ತುದಿಗೆ ನಡೆದುಹೋದ. ಕೂಸಿನ ಮೊದಲ ಹೆಜ್ಜೆಗೆ ಹಿಗ್ಗಬೇಕಾದ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಳು.

ಭಾನುವಾರಗಳಂದು ಚನ್ನವೀರ ಬರುತ್ತಿದ್ದ. ಯೋಗಿ ಅವನ ಬಳಿ ಹೋಗುತ್ತಿದ್ದ, ಏಕೆಂದರೆ ಚನ್ನವೀರ ಮಾತಾಡದೆ ಕೂರುತ್ತಿದ್ದ.

"ತಿರುಗಿ ಬಾ ನೀಲಾ" ಎಂದ ಒಮ್ಮೆ. "ಅಲ್ಲಿ ನಗ್ತಿದ್ದ. ಇಲ್ಲಿ ಬಂದ ಮ್ಯಾಲ ಅವನ ನಗು ಒಂದು ಸಲರ ನೋಡೀಯೇನು?"

"ಅಲ್ಲಿ ಇದ್ರ ಎಂದೂ ಮಾತಾಡೂದಿಲ್ಲ."

"ಇಲ್ಲಿ ಇದ್ರ ಮಾತಾಡ್ತಾನೇನು?"

ಗುರುಬಸವ್ವನಿಗೆ ಜ್ವರ ಎಂದು ಸುದ್ದಿ ಬಂದಾಗ ಒಂದು ದಿನದ ಮಟ್ಟಿಗೆ ಕಾಲೊನಿಗೆ ಹೋದರು. ಗೇಟು ದಾಟಿದ್ದೇ ಯೋಗಿಯ ಹುಬ್ಬಿನ ಗಂಟು ಬಿಚ್ಚಿತು. ಅಜ್ಜಿಯ ಹಾಸಿಗೆಯ ಸುತ್ತ ಓಡಾಡಿದ, ತಾನಾಗಿ ಅನ್ನ ತಿಂದ, ಸದ್ದಿಲ್ಲದೆ ನಕ್ಕ. ನೀಲಾ ಆ ನಗುವನ್ನು ಕಣ್ತುಂಬ ನೋಡಿದಳು. ಎಲ್ಲವನ್ನೂ ಬಿಟ್ಟು ಇಲ್ಲೇ ಇದ್ದುಬಿಡೋಣ, ಸುಖವಾಗಿರುವ ಮೂಕ ಮಗನೇ ಸಾಕು ಎಂದು ಅವಳ ಜೀವ ಬಡಿದುಕೊಂಡಿತು. ಮಾರನೆಯ ದಿನ ಅವನನ್ನು ಬಿಗಿಯಾಗಿ ಅಪ್ಪಿ ಹಿಡಿದು ಬಸ್ಸು ಹತ್ತಿದಳು. ಗೇಟಿನ ಕಮಾನು ಬಂದಾಗ ಕಣ್ಣು ಮುಚ್ಚಿಕೊಂಡದ್ದು ಅವಳು.

ಒಂದೂವರೆ ವರ್ಷ ತುಂಬಿದ ಮೇಲೆ ಒಂದು ದಿನ ಮಧ್ಯಾಹ್ನ, ಊಟವಾದ ಬಳಿಕ, ಎಂದಿನಂತೆ ಅವನನ್ನು ಎದುರಿಗೆ ಕೂರಿಸಿಕೊಂಡಳು. ಕೆಳಗಿನ ದರ್ಜಿ ಊಟಕ್ಕೆ ಹೋಗಿದ್ದರಿಂದ ಕೋ‍ಣೆ ತುಸು ಶಾಂತವಾಗಿತ್ತು. ಬಬಬ ಎಂದಳು, ಕಾದಳು. ಬಬಬ ಎಂದಳು, ಕಾದಳು. ಯೋಗಿ ಅಳಲಿಲ್ಲ. ಎದ್ದು ಹೋಗಲೂ ಇಲ್ಲ. ಅವಳ ತುಟಿಯನ್ನು ನೋಡುತ್ತಿದ್ದ. ಆಮೇಲೆ, ಅವಳು ಹೆತ್ತಂದಿನಿಂದ ಕಾಯುತ್ತಿದ್ದುದು ನಡೆಯಿತು. ಅವನು ಕಣ್ಣೆತ್ತಿ ಅವಳ ಕಣ್ಣಿನೊಳಗೇ ನೋಡಿದ. ಬೇರೆಲ್ಲಿಗೂ ಜಾರದ, ಅವಳನ್ನೇ ಹುಡುಕಿ ಬಂದ ನೋಟ. ಮೊಣಕಾಲೂರಿ ಮುಂದೆ ಬಂದು, ಬಲಗೈ ಎತ್ತಿ, ಅಂಗೈಯನ್ನು ಅವಳ ಬಾಯಿಯ ಮೇಲಿಟ್ಟ.

ಅವನು ಕೈ ತೆಗೆದ. ಪರೀಕ್ಷಿಸಲೆಂದು ಮೆಲ್ಲಗೆ ಮತ್ತೊಮ್ಮೆ ಬಬಬ ಎಂದಳು. ಅವನು ಮತ್ತೆ ಅವಳ ಕಣ್ಣು ನೋಡಿ, ಮತ್ತೆ ಕೈಯಿಟ್ಟು, ಈ ಸಲ ಒತ್ತಿ ಹಿಡಿದ. ಸಂಶಯವೇ ಇರಲಿಲ್ಲ.

ನೀಲಾ ಡಾಕ್ಟರಿಗೆ ಫೋನ್ ಮಾಡಿದಳು.

"ಡಾಕ್ಟ್ರೇ, ಯೋಗಿ ಕೈಸನ್ನಿ ಮಾಡ್ದ. ನನ್ನ ಕಣ್ಣಾಗ ಕಣ್ಣಿಟ್ಟು ಮಾಡ್ದ. ಎರಡು ಸಲ."

"ಖರೇನಾ? ಅರೆ, ನೀಲಾ, ಇದು ಭಾಳ ದೊಡ್ಡದ್ರಿ!" ಡಾಕ್ಟರ್ ಫರೀದಾರ ದನಿ ಸಂತೋಷಕ್ಕೆ ಏರಿತು. "ಮಾತಿನ ಮೊದಲನೇ ಮೆಟ್ಲ ಇದು. ನಾನು ಆಸೆ ಬಿಟ್ಟಿದ್ದೆ, ನಿಮಗ ಹೇಳಿರಲಿಲ್ಲ ಅಷ್ಟ. ಏನಂತ ಕೇಳಿದ? ನೀರು ಬೇಕಂದ್ನೇನು? ಎತ್ಕೋ ಅಂದ್ನೇನು?"

ಯೋಗಿ ಅವಳ ತೊಡೆಯ ಮೇಲೆ ಹತ್ತಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದ, ಕೈ ಸಿದ್ಧವಾಗಿಟ್ಟುಕೊಂಡು.

"ಸುಮ್ಮನಿರವ್ವ ಅಂದ್ನ್ರಿ" ಎಂದಳು ನೀಲಾ.